ಊರು ಬಿಟ್ಟ ದುಡಿಮೆ, ಊರಲ್ಲೇ ಉಳಿದ ಓಟು

2024ರ ಏಪ್ರಿಲ್ 26 ಶುಕ್ರವಾರವಾಗಿತ್ತು. ಚಿತ್ರದುರ್ಗ ಲೋಕಸಭಾ ಕ್ಷೇತ್ರಕ್ಕೆ ಅಂದೇ ಮತದಾನ. ಬೆಳಿಗ್ಗೆ 7ರಿಂದ ಸಂಜೆ 6ರವರೆಗೆ ಸಮಯವಿದ್ದುದರಿಂದ ಜುಮಾ ನಮಾಝಿಗೆ ತೊಡಕೇನೂ ಇರಲಿಲ್ಲ. ಕ್ಷೇತ್ರದಲ್ಲಿ ನೂರಕ್ಕೆ 73ರಷ್ಟು ಮಂದಿ ಓಟು ಹಾಕಿದರು. ಅದೇ ದಿನ ಬೆಂಗಳೂರು ಉತ್ತರ, ಕೇಂದ್ರ, ದಕ್ಷಿಣ ಕ್ಷೇತ್ರಗಳಲ್ಲಿ ಮತದಾನ 54ರ ಆಸುಪಾಸಿನಲ್ಲೇ ನಿಂತಿತು.

ಹಣ, ಓದು, ಸೌಕರ್ಯ ಹೆಚ್ಚಿರುವುದು ಬೆಂಗಳೂರಿನಲ್ಲಲ್ಲವೇ? ಯುರೋಪ್, ಅಮೆರಿಕದಲ್ಲಿ ಸಾಮಾನ್ಯವಾಗಿ ಉಳ್ಳವರೇ ಹೆಚ್ಚು ಓಟು ಹಾಕುತ್ತಾರೆ. ನಮ್ಮ ದೇಶದಲ್ಲಿ ಬಡವರು ಈ ವಿಷಯದಲ್ಲಿ ಹಿಂದುಳಿದಿಲ್ಲ ಎಂಬುದನ್ನು ಯೋಗೇಂದ್ರ ಯಾದವ್ 1990ರ ದಶಕದ ಚುನಾವಣೆಗಳನ್ನು ಅಧ್ಯಯನ ಮಾಡಿ ತೋರಿಸಿದ್ದರು. ಹಾಗಾದರೆ ಬಡವನೊಬ್ಬ ದುಡಿದು ಮೇಲೆ ಬಂದಾಗ ಅವನ ಓಟು ಏನಾಗುತ್ತದೆ?

ಜವನಗೊಂಡನಹಳ್ಳಿಯನ್ನೇ ನೋಡೋಣ. ಶಿರಾ–ಹಿರಿಯೂರು ನಡುವೆ, ಹೆದ್ದಾರಿಯ ಮೇಲಿರುವ ಊರು. ಮಳೆ ನಂಬಿದ ಒಣ ಬೇಸಾಯದ ಸೀಮೆ. ಇಲ್ಲಿ ಮೇಲೆ ಬರುವುದೆಂದರೆ ಹೆಚ್ಚಿನವರಿಗೆ ಬೆಂಗಳೂರಿನ ಬಸ್ಸು ಹತ್ತುವುದೇ. ಪಂಕ್ಚರ್ ಅಂಗಡಿಯಲ್ಲಿ ಕೆಲಸ ಕಲಿತ ಹುಡುಗ ಅಲ್ಲಿ ಗ್ಯಾರೇಜ್ ಹಾಕುತ್ತಾನೆ, ಮನೆ ಮಾಡುತ್ತಾನೆ, ಮಕ್ಕಳನ್ನು ಶಾಲೆಗೆ ಸೇರಿಸುತ್ತಾನೆ. ಗ್ಯಾಸ್, ಬ್ಯಾಂಕ್ ಖಾತೆ ಎಲ್ಲ ಹೊಸ ವಿಳಾಸಕ್ಕೆ ಬರುತ್ತವೆ, ಅವಿಲ್ಲದೆ ದಿನ ನಡೆಯುವುದಿಲ್ಲವಲ್ಲ. ಮತದಾರರ ಪಟ್ಟಿಯ ಹೆಸರು ಮಾತ್ರ ಊರಲ್ಲೇ ಉಳಿಯುತ್ತದೆ. ಅದಿಲ್ಲದೆಯೂ ದಿನ ನಡೆಯುತ್ತದೆ.

ಮೊದಲೆರಡು ಚುನಾವಣೆಗೆ ಅವನು ಊರಿಗೆ ಬರುತ್ತಾನೆ. ಆಮೇಲೆ ಗ್ಯಾರೇಜ್ ಮುಚ್ಚಿದರೆ ಆಗುವ ನಷ್ಟ ಕಾಣತೊಡಗುತ್ತದೆ. ಮತದಾನದ ದಿನ ಕೆಲಸಗಾರರಿಗೆ ಸಂಬಳ ಸಹಿತ ರಜೆ ಕೊಡಬೇಕೆಂಬ ಕಾನೂನಿದೆ. ಸ್ವಂತ ಅಂಗಡಿಯವನಿಗೆ ಆ ರಜೆಯನ್ನು ಯಾರು ಕೊಡಬೇಕು? ಊರಿನಲ್ಲಿ ‘ಓಟು ಹಾಕಿದೆಯಾ’ ಎಂದು ಕೇಳುವವರಿರುತ್ತಾರೆ, ಹೊಸ ಬಡಾವಣೆಯಲ್ಲಿ ಕೇಳುವವರಿಲ್ಲ. ಹೀಗೆ ಆದಾಯ ಏರಿದವನ ಓಟು ಇಳಿಯುತ್ತದೆ. ಇದನ್ನು ಬರೀ ಸೋಮಾರಿತನ ಎಂದು ಬೈಯುವುದು ಸುಲಭ, ಆದರೆ ನಮಗೆ ಅದು ಸರಿ ಕಾಣುವುದಿಲ್ಲ. (ನಗರದ ಪಟ್ಟಿಗಳಲ್ಲಿ ಮನೆ ಬದಲಿಸಿದವರ, ತೀರಿಕೊಂಡವರ ಹೆಸರುಗಳೂ ಉಳಿದಿರುವುದರಿಂದ ಅಲ್ಲಿನ ಲೆಕ್ಕ ಇರುವುದಕ್ಕಿಂತ ಕಡಿಮೆ ಕಾಣುತ್ತದೆ ಎಂಬುದನ್ನೂ ಮರೆಯಬಾರದು.)

ವ್ಯಾಪಾರ ಮುಳುಗಿ ಕೆಳಗಿಳಿದವರ ಕಥೆಯೂ ಬೇರೆಯಲ್ಲ. ಬಾಡಿಗೆ ಕಟ್ಟಲಾಗದೆ ಮನೆಯಿಂದ ಮನೆಗೆ ಹೋಗುವವರಿಗೆ ಪಟ್ಟಿಯ ನೆನಪು ಎಲ್ಲಿಂದ ಬರಬೇಕು? ಮದುವೆಯಾಗಿ ಬಂದ ಹೆಣ್ಣುಮಕ್ಕಳ ಹೆಸರು ತವರಿನಲ್ಲೇ ಇರುತ್ತದೆ, ಇಲ್ಲವೇ ಅಲ್ಲಿ ತೆಗೆದುಹಾಕಿ ಇಲ್ಲಿ ಸೇರಿರುವುದೇ ಇಲ್ಲ. 2018ರ ವಿಧಾನಸಭಾ ಚುನಾವಣೆಗೆ ಮೊದಲು, ಸಾಚಾರ್ ಸಮಿತಿಯ ಸದಸ್ಯ ಕಾರ್ಯದರ್ಶಿಯಾಗಿದ್ದ ಅಬೂಸಾಲೆಹ್ ಶರೀಫ್ ಕರ್ನಾಟಕದ ಪಟ್ಟಿಗಳನ್ನು ಪರಿಶೀಲಿಸಿ, ಮುಸ್ಲಿಂ ಮತದಾರರ ಹೆಸರುಗಳು ದೊಡ್ಡ ಸಂಖ್ಯೆಯಲ್ಲಿ ಬಿಟ್ಟುಹೋಗಿವೆ ಎಂದು ಎಚ್ಚರಿಸಿದ್ದರು.

ವಿಳಾಸ ಬದಲಿಸಿದವರಿಗೆ ಇರುವುದು ನಮೂನೆ 8. ಹೊಸದಾಗಿ ಸೇರುವವರಿಗಾದರೆ ನಮೂನೆ 6. ಬಿಎಲ್‌ಒ ಕೈಗೆ ಕೊಡಬಹುದು, ಚುನಾವಣಾ ಆಯೋಗದ ಆ್ಯಪ್‌ನಲ್ಲೂ ತುಂಬಬಹುದು, ಸಂದೇಹವಿದ್ದರೆ 1950ಕ್ಕೆ ಕರೆ ಮಾಡಬಹುದು. 18 ತುಂಬಿದವರು ಮುಂದಿನ ಜನವರಿವರೆಗೆ ಕಾಯಬೇಕಿಲ್ಲ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಖುಗಳು ಅರ್ಹತಾ ದಿನಗಳು.

‘ಊರಲ್ಲೂ ಇರಲಿ, ಬೆಂಗಳೂರಲ್ಲೂ ಇರಲಿ’ ಎನ್ನುವವರಿದ್ದಾರೆ. ಎರಡು ಕಡೆ ಹೆಸರಿಡುವುದು ಕಾನೂನಿಗೆ ವಿರುದ್ಧ. ಸಾಮಾನ್ಯವಾಗಿ ಎಲ್ಲಿ ವಾಸವೋ ಅಲ್ಲಿ ಹೆಸರು. ಊರಿನ ಹೆಸರು ತೆಗೆಸಿದರೆ ಊರಿನ ಬೇರೇ ಕಡಿದಂತೆ ಎಂಬ ಸಂಕಟ ನಮಗೂ ಗೊತ್ತು. ಆದರೆ ನಿಮ್ಮ ಮಕ್ಕಳು ನಡೆಯುವ ರಸ್ತೆ, ನಿಮ್ಮ ನಲ್ಲಿಯ ನೀರು, ನಿಮ್ಮ ಬೀದಿಯ ಚರಂಡಿಯನ್ನು ನೋಡಿಕೊಳ್ಳಬೇಕಾದವರು ಈಗ ನೀವಿರುವ ಬಡಾವಣೆಯಲ್ಲಿ ಓಟು ಕೇಳುತ್ತಿದ್ದಾರೆ.