ಮಲ್ಪೆಯ ಕಂಬ, ಗಂಡಕಿಯ ಚಕ್ರ

ಉಡುಪಿ ಬಳಿಯ ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪದಲ್ಲಿ ಇಳಿದವರಿಗೆ ಮೊದಲು ಕಾಣುವುದೇ ಆ ಕಲ್ಲಿನ ಕಂಬಗಳು. ಐದು ಮೂಲೆಯವು, ಆರು ಮೂಲೆಯವು, ಏಳು ಮೂಲೆಯವೂ ಉಂಟು; ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಬೇಸಿಗೆಯಲ್ಲಿ ಕೆರೆಯ ಕೆಸರು ಬಿರಿಯುತ್ತದಲ್ಲ, ಹಾಗೆಯೇ ಭೂಮಿಯೊಳಗಿಂದ ಉಕ್ಕಿದ ಲಾವಾರಸ ಆರುತ್ತ, ಕುಗ್ಗುತ್ತ, ಉದ್ದಕ್ಕೂ ಬಿರಿದು ಇವು ಮೂಡಿದವು. ಇದು ನಡೆದು ಸುಮಾರು 8.8 ಕೋಟಿ ವರ್ಷಗಳಾದವು.

ಆಗ ಇಲ್ಲಿ ಅರಬ್ಬಿ ಸಮುದ್ರವೇ ಇರಲಿಲ್ಲ! ನಮ್ಮ ಪಶ್ಚಿಮ ಅಂಚಿಗೆ ಅಂಟಿಕೊಂಡು ಮಡಗಾಸ್ಕರ್ ಇತ್ತು. ನೆಲ ಸೀಳಿತು, ಸೀಳಿನಲ್ಲಿ ಲಾವಾ ಉಕ್ಕಿತು, ಮಡಗಾಸ್ಕರ್ ಅತ್ತ, ಭಾರತ ಇತ್ತ. ಅದೇ ಕಾಲದ ಜ್ವಾಲಾಮುಖಿ ಶಿಲೆಗಳು ಮಡಗಾಸ್ಕರಿನ ಪೂರ್ವ ಕರಾವಳಿಯಲ್ಲೂ ಇವೆ. ಈಗ ನಡುವೆ ಸುಮಾರು 4,000 ಕಿ.ಮೀ. ಕಡಲು.

ಬಿಡಿಸಿಕೊಂಡ ಭಾರತ ಉತ್ತರಕ್ಕೆ ಓಡಿತು. ಓಡಿತು ಎಂದೇ ಹೇಳಬೇಕು. ಒಂದು ಹಂತದಲ್ಲಿ ವರ್ಷಕ್ಕೆ 15 ಸೆಂ.ಮೀ.ಗೂ ಹೆಚ್ಚು, ಭೂಫಲಕಗಳ ಲೆಕ್ಕದಲ್ಲಿ ನಾಗಾಲೋಟ! ಎದುರಿಗಿದ್ದ ಟೆಥಿಸ್ ಸಮುದ್ರದ ತಳ ಏಷ್ಯಾದ ಅಡಿಗೆ ಜಾರುತ್ತ ಭಾರತವನ್ನೂ ಬೆನ್ನಿಗೆ ಎಳೆದುಕೊಂಡಿತು. ಸುಮಾರು 5 ಕೋಟಿ ವರ್ಷಗಳ ಹಿಂದೆ ಡಿಕ್ಕಿ. ಎರಡೂ ಹಗುರ ಶಿಲೆಯ ಖಂಡಗಳು, ಸಾಗರತಳದ ಹಾಗೆ ಆಳಕ್ಕೆ ಮುಳುಗುವಂಥವಲ್ಲ. ನೆಲ ಮಡಚಿತು, ಪದರದ ಮೇಲೆ ಪದರ ಏರಿತು, ಹಿಮಾಲಯ ಎದ್ದಿತು. ಎವರೆಸ್ಟಿನ ತುತ್ತತುದಿಯಲ್ಲಿರುವುದು ಸಮುದ್ರದಲ್ಲಿ ಹುಟ್ಟಿದ ಸುಣ್ಣಕಲ್ಲು!

ಅದರ ಸಾಕ್ಷಿ ನೋಡಲು ಎವರೆಸ್ಟ್ ಹತ್ತಬೇಕಾಗಿಲ್ಲ. ಉಡುಪಿಯ ಎಷ್ಟೋ ಮನೆಗಳ ದೇವರ ಕೋಣೆಯಲ್ಲಿ ನೇಪಾಳದ ಗಂಡಕಿ ನದಿಯ ಸಾಲಿಗ್ರಾಮ ಇದೆ. ಅಭಿಷೇಕದ ನೀರಿನಲ್ಲಿ ಆ ಕಪ್ಪು ಕಲ್ಲು ಹೊಳೆಯುವಾಗ ಒಳಗಿನ ಚಕ್ರವನ್ನು ನೋಡಿ: ಒಂದು ಸುರುಳಿ, ಸುರುಳಿಯುದ್ದಕ್ಕೂ ಸಣ್ಣ ಸಣ್ಣ ಏಣುಗಳು. ಅದು ಅಮ್ಮೊನೈಟ್ ಎಂಬ ಕಡಲಜೀವಿಯ ಚಿಪ್ಪಿನ ಅಚ್ಚು. ಮಲ್ಪೆ ಬಂದರಿಗೆ ಬುಟ್ಟಿಗಟ್ಟಲೆ ಬರುವ ಬೊಂಡಾಸಿಗೆ (ಸ್ಕ್ವಿಡ್) ದೂರದ ನಂಟ! ಸುಮಾರು 15 ಕೋಟಿ ವರ್ಷಗಳ ಹಿಂದೆ ಅದು ಟೆಥಿಸ್ ಸಮುದ್ರದಲ್ಲಿ ಈಜಾಡಿಕೊಂಡಿತ್ತು. ಡಿಕ್ಕಿ ಅದನ್ನು ಮುಗಿಲಿಗೆತ್ತಿತು, ಗಂಡಕಿ ಬೆಟ್ಟ ಕೊರೆದು ಕೆಳಗಿಳಿಸಿದಳು, ಭಕ್ತರು ದಕ್ಷಿಣಕ್ಕೆ ಹೊತ್ತು ತಂದರು.

ನನಗೆ ಮೈ ಝುಮ್ಮೆನ್ನುವುದು ಇಲ್ಲಿಯೇ. ಭೂಖಂಡಗಳು ಬೇರೆಯಾದ ಗುರುತೂ ಡಿಕ್ಕಿಯಾದ ಗುರುತೂ ಕೆಲವೇ ಕಿಲೋಮೀಟರುಗಳ ಅಂತರದಲ್ಲಿ, ಒಂದೇ ಊರಿನವರ ಕೈಗೆಟಕುವಂತಿವೆ!

ಆ ನೂಕಾಟ ನಿಂತಿಲ್ಲ. ಭಾರತದ ಫಲಕ ಇವತ್ತಿಗೂ ವರ್ಷಕ್ಕೆ ಸುಮಾರು 5 ಸೆಂ.ಮೀ. ಈಶಾನ್ಯಕ್ಕೆ ಸರಿಯುತ್ತಿದೆ. 2015ರಲ್ಲಿ ನೇಪಾಳವನ್ನು ನಡುಗಿಸಿದ 7.8 ತೀವ್ರತೆಯ ಭೂಕಂಪಕ್ಕೆ ಕಾರಣವೂ ಇದೇ ಒತ್ತಡ.