ರಿಪೋರ್ಟ್ ನೆಗೆಟಿವ್ ಬಂತು, ಸರಿ. ಜ್ವರ ಯಾವುದು?

ಸೊರಬ ತಾಲೂಕಿನ ಒಂದು ಕಾಡಿನ ಹೆಸರು ಇಡೀ ಪ್ರಪಂಚದ ವೈದ್ಯಕೀಯ ಪುಸ್ತಕಗಳಲ್ಲಿದೆ. ಕ್ಯಾಸನೂರು. 1957ರಲ್ಲಿ ಅಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಮುತ್ತಲ ಹಳ್ಳಿಗಳ ಜನ ಜ್ವರದಲ್ಲಿ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹೊಸ ವೈರಸ್ ಒಂದನ್ನು ಪತ್ತೆ ಹಚ್ಚಿದರು. ನಾವು ಅದನ್ನು ಮಂಗನ ಕಾಯಿಲೆ ಅಂತ ಕರೆದೆವು. ಇವತ್ತಿಗೂ ಸೊರಬ, ಸಾಗರ, ತೀರ್ಥಹಳ್ಳಿ ಕಡೆ ಯಾರಿಗಾದರೂ ಜ್ವರ ಏರಿದರೆ ಮೊದಲು ಬರೋ ಭಯ ಅದೇ. ಶಿವಮೊಗ್ಗದಲ್ಲಿ ಅದಕ್ಕೆ ಅಂತಲೇ ಪ್ರಯೋಗಾಲಯವೂ ಇದೆ. ರಿಪೋರ್ಟ್ ನೆಗೆಟಿವ್ ಬಂದರೆ ಮನೆಯವರೆಲ್ಲ ಉಸ್ಸಪ್ಪಾ ಅಂತಾರೆ.

ವೀಕ್ಷಕರೇ, ನನ್ನ ತಕರಾರು ಇರೋದು ಆ ಉಸ್ಸಪ್ಪದ ಬಗ್ಗೆ.

ಶಿಕಾರಿಪುರದ ಕಡೆಯ ಒಬ್ಬ ಹೆಣ್ಣುಮಗಳು ಅಂದುಕೊಳ್ಳಿ. ಮಳೆಗಾಲ. ಮೊಣಕಾಲುದ್ದ ಕೆಸರಲ್ಲಿ ನಿಂತು ನಾಟಿ ಮಾಡಿದ್ದಾಳೆ, ಕಾಲಲ್ಲಿ ಸಣ್ಣ ಗಾಯ. ಹತ್ತು ದಿನ ಕಳೆದ ಮೇಲೆ ಇದ್ದಕ್ಕಿದ್ದಂತೆ ಚಳಿಜ್ವರ, ಕಾಲಿನ ಮೀನಖಂಡ ಮುಟ್ಟಿದರೆ ಜೀವ ಹೋಗೋ ನೋವು, ಕಣ್ಣು ಕೆಂಪು. ಡಾಕ್ಟರ್ ಕೇಳ್ತಾರೆ, 'ಎಲ್ಲಿಗಾದರೂ ಹೋಗಿದ್ರಾ?' 'ಎಲ್ಲೂ ಇಲ್ಲ ಸಾರ್, ಮನೆಯಲ್ಲೇ ಇದ್ದೆ.' ಸ್ವಂತ ಗದ್ದೆಗೆ ಹೋಗಿದ್ದನ್ನು ಯಾರಾದರೂ ಹೋಗಿದ್ದು ಅಂತ ಲೆಕ್ಕ ಹಾಕ್ತಾರಾ?

ಇದು ಇಲಿ ಜ್ವರ ಇರಬಹುದು. ಲೆಪ್ಟೊಸ್ಪೈರೋಸಿಸ್. ಮಂಗನ ಕಾಯಿಲೆ ವೈರಸ್‌ನದ್ದು, ಇದು ಬ್ಯಾಕ್ಟೀರಿಯಾದ್ದು. ಅದರ ಕಾಲ ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇ, ಇದರ ಕಾಲ ಮಳೆಗಾಲ ಮತ್ತು ಅದರ ಬೆನ್ನಿಗೆ. ಗದ್ದೆಯ ಬದುವಿನಲ್ಲಿ ಬಿಲ ತೋಡಿರೋ ಇಲಿಯ ಮೂತ್ರಪಿಂಡದಲ್ಲಿ ಈ ಬ್ಯಾಕ್ಟೀರಿಯಾ ಹಾಯಾಗಿ ಇರುತ್ತದೆ. ಇಲಿಗೆ ಏನೂ ಆಗಲ್ಲ. ಅದರ ಮೂತ್ರ ಕೆಸರಿಗೆ ಸೇರುತ್ತದೆ, ಗಾಯದಿಂದ ನಮ್ಮೊಳಗೆ ಬರುತ್ತದೆ. ಹೆಸರು ಇಲಿಯದ್ದೇ ಆದರೂ ದನ, ಎಮ್ಮೆ, ಹಂದಿ, ನಾಯಿ ಮೂತ್ರದಲ್ಲೂ ಇದು ಬರಬಹುದು. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಜನರಿಗೆ ಬರುತ್ತದೆ, 58,900 ಜನ ಸಾಯುತ್ತಾರೆ ಅಂತ 2015ರಲ್ಲಿ ಪ್ರಕಟವಾದ ಒಂದು ಅಂದಾಜಿದೆ.

ಹಾಗಾದರೆ ಲ್ಯಾಬ್‌ನಲ್ಲಿ ಸುಲಭವಾಗಿ ಸಿಗಬೇಕಲ್ಲ? ಸಿಗಲ್ಲ. ನಾನು ಓದಿದ್ದು ಇಂಜಿನಿಯರಿಂಗ್, ಆದ್ದರಿಂದ ಈ ಭಾಗ ನನಗೆ ತುಂಬಾ ಇಷ್ಟ. ಈ ಬ್ಯಾಕ್ಟೀರಿಯಾ ತಿರುಚಿದ ತಂತಿಯ ಹಾಗೆ, ತುದಿಯಲ್ಲಿ ಕೊಕ್ಕೆ. ದಪ್ಪ ಸುಮಾರು 0.1 ಮೈಕ್ರಾನ್. ನಮ್ಮ ಕಣ್ಣಿಗೆ ಕಾಣೋ ಬೆಳಕಿನ ತರಂಗದ ಉದ್ದ 0.4ರಿಂದ 0.7 ಮೈಕ್ರಾನ್. ಅಂದರೆ ಬೆಳಕಿನ ಅಲೆಗಿಂತ ತೆಳ್ಳಗಿನ ಜೀವಿ! ಮಾಮೂಲಿ ಮೈಕ್ರೋಸ್ಕೋಪು, ಮಾಮೂಲಿ ಬಣ್ಣ, ಎರಡಕ್ಕೂ ದಕ್ಕಲ್ಲ. ಹಿನ್ನೆಲೆಯನ್ನು ಕತ್ತಲು ಮಾಡಿ ಪಕ್ಕದಿಂದ ಬೆಳಕು ಬಿಡುವ ಡಾರ್ಕ್ ಫೀಲ್ಡ್ ಮೈಕ್ರೋಸ್ಕೋಪು ಬೇಕು. ಬಾಗಿಲ ಸಂದಿಯ ಬಿಸಿಲುಕೋಲಲ್ಲಿ ಧೂಳು ಮಿನುಗುತ್ತಲ್ಲ, ಹಾಗೆ ಇದು ಮಿನುಗುತ್ತದೆ. ಸರಿ, ಬೆಳೆಸಿ ನೋಡೋಣ ಅಂದರೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯಬೇಕು. ರೋಗಿ ಅಷ್ಟು ದಿನ ಕಾಯ್ತಾನಾ?

ಹಾಗಾಗಿ ಇಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ಜ್ವರ ಶುರುವಾಗಿ ಎಷ್ಟನೇ ದಿನ ರಕ್ತ ತೆಗೆದರು ಅನ್ನೋದು. ಮೊದಲ ವಾರ ಬ್ಯಾಕ್ಟೀರಿಯಾ ರಕ್ತದಲ್ಲೇ ಇರುತ್ತದೆ, ಆಗ ಪಿಸಿಆರ್ ಮಾಡಿದರೆ ಸಿಗಬಹುದು. ಆಮೇಲೆ ರಕ್ತ ಬಿಟ್ಟು ಮೂತ್ರಕ್ಕೆ ಇಳಿಯುತ್ತದೆ. ಅಷ್ಟರಲ್ಲಿ ನಮ್ಮ ದೇಹ ಪ್ರತಿಕಾಯ ತಯಾರಿಸಿರುತ್ತದೆ. ಅದನ್ನು ಹಿಡಿಯೋದು ಐಜಿಎಂ ಎಲೈಸಾ. ಮೂರನೇ ದಿನ ಎಲೈಸಾ ಮಾಡಿ ನೆಗೆಟಿವ್ ಅಂದರೆ ಅದಕ್ಕೆ ಬೆಲೆ ಇಲ್ಲ, ದೇಹ ಇನ್ನೂ ಉತ್ತರವನ್ನೇ ಕೊಟ್ಟಿಲ್ಲ. ಎಲ್ಲಕ್ಕಿಂತ ನಂಬಿಕಸ್ಥ ಅನ್ನೋ ಮ್ಯಾಟ್ ಪರೀಕ್ಷೆಗೆ ಲ್ಯಾಬ್‌ನವರು ಈ ಬ್ಯಾಕ್ಟೀರಿಯಾದ ಹಲವು ತಳಿಗಳನ್ನು ಜೀವಂತ ಸಾಕಿಕೊಂಡಿರಬೇಕು. ರೋಗಿಯ ಸೀರಮ್ ಹಾಕಿದಾಗ ಅವು ಗುಂಪುಗಟ್ಟುತ್ತವಾ ಅಂತ ನೋಡ್ತಾರೆ. ಒಂದೆರಡು ವಾರ ಬಿಟ್ಟು ಇನ್ನೊಂದು ಸಲ ರಕ್ತ ಕೊಡಬೇಕು, ಪ್ರಮಾಣ ನಾಲ್ಕು ಪಟ್ಟು ಏರಿದ್ದರೆ ರೋಗ ಖಚಿತ. ತಾಲೂಕು ಆಸ್ಪತ್ರೆಯಲ್ಲಿ ಆಗೋ ಕೆಲಸ ಅಲ್ಲ ಇದು. ಅಲ್ಲಿ ಜ್ವರ ಅಂದ ಕೂಡಲೇ ಇನ್ನೂ 1896ರ ವಿಡಾಲ್ ಟೆಸ್ಟನ್ನೇ ಬರೆದುಕೊಡುವವರು ಇದ್ದಾರೆ!

ಒಳ್ಳೆ ಸುದ್ದಿಯೂ ಇದೆ. ಮಂಗನ ಕಾಯಿಲೆಗೆ ನೇರ ಔಷಧಿ ಇಲ್ಲ, ಇಲಿ ಜ್ವರಕ್ಕೆ ಇದೆ. ಡಾಕ್ಸಿಸೈಕ್ಲಿನ್, ಪೆನಿಸಿಲಿನ್ ಥರದ ಹಳೆಯ ಔಷಧಿಗಳೇ ಸಾಕು, ಬೇಗ ಕೊಟ್ಟರೆ. ಕಾಮಾಲೆ ಬಂದು, ಮೂತ್ರ ಕಟ್ಟಿ, ಶ್ವಾಸಕೋಶದಲ್ಲಿ ರಕ್ತ ಒಸರೋವರೆಗೆ ಬಿಟ್ಟರೆ ಕಷ್ಟ. ಅದಕ್ಕೇ ಅನುಭವಿ ಡಾಕ್ಟರ್‌ಗಳು ಅನುಮಾನ ಬಂದ ತಕ್ಷಣ ಔಷಧಿ ಶುರು ಮಾಡ್ತಾರೆ, ರಿಪೋರ್ಟ್ ಆಮೇಲೆ ಬರಲಿ ಅಂತ. ಆ ಅನುಮಾನ ಬರಬೇಕಾದರೆ ನೀವು ಗದ್ದೆಯ ವಿಷಯ ಬಾಯಿಬಿಟ್ಟು ಹೇಳಬೇಕು.

ಕೊಟ್ಟಿಗೆಯ ವಿಷಯವನ್ನೂ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನೋ ಗಾದೆ ನಮ್ಮದು; ಇಲ್ಲಿ ದನಕ್ಕೆ ರೋಗ ಬಂದರೆ ಬರೆ ಬೀಳೋದು ಸಾಕಿದವರಿಗೆ. ಬ್ರೂಸೆಲ್ಲಾ, ನಮ್ಮ ರೈತರ ಮಾತಲ್ಲಿ ಕಂದು ರೋಗ. ಗಬ್ಬದ ಹಸು ಕೊನೆಯ ತಿಂಗಳುಗಳಲ್ಲಿ ಕಂದು ಹಾಕುತ್ತದೆ. ಮನೆಯವರು ಬರಿಗೈಯಲ್ಲೇ ಕಸ ಎಳೆದು ತೆಗೀತಾರೆ, ಸತ್ತ ಕರುವನ್ನು ಎತ್ತಿ ಹಾಕ್ತಾರೆ. ವಾರಗಳೋ ತಿಂಗಳುಗಳೋ ಆದ ಮೇಲೆ ಅವರಿಗೆ ಬಂದು ಹೋಗುವ ಜ್ವರ, ರಾತ್ರಿ ಬೆವರು, ಸೊಂಟನೋವು. ಟೈಫಾಯ್ಡ್ ಅಂತಲೋ ಟಿಬಿ ಅಂತಲೋ ಆಸ್ಪತ್ರೆ ಅಲೆಯೋದು. ಹಾಲು ಕಾಯಿಸದೆ ಕುಡಿದರೂ ಬರುತ್ತದೆ. ಔಷಧಿ ಕನಿಷ್ಠ ಆರು ವಾರ. ಈ ಬ್ಯಾಕ್ಟೀರಿಯಾವನ್ನು ಬೆಳೆಸುವಾಗ ಲ್ಯಾಬ್ ಸಿಬ್ಬಂದಿಗೇ ಸೋಂಕು ತಗಲಿದ ಉದಾಹರಣೆಗಳು ಬಹಳ, ಆದ್ದರಿಂದ ಅನುಮಾನ ಇದ್ದರೆ ಸ್ಯಾಂಪಲ್ ಜೊತೆಗೇ ಹೇಳಿ ಕಳಿಸಬೇಕು. ದನಕ್ಕಾದರೆ ರೋಸ್ ಬೆಂಗಾಲ್ ಅಂತ ಒಂದು ಪರೀಕ್ಷೆ ಇದೆ: ಒಂದು ಹನಿ ಸೀರಮ್, ಒಂದು ಹನಿ ಗುಲಾಬಿ ದ್ರಾವಣ, ನಾಲ್ಕು ನಿಮಿಷ. ಯಲಹಂಕದ ನಿವೇದಿ ಸಂಸ್ಥೆಯಲ್ಲಿ ಜಾನುವಾರುಗಳ ಈ ಎರಡೂ ರೋಗಗಳ ಮೇಲೆ ಕೆಲಸ ನಡೆಯುತ್ತದೆ.

2019ರಲ್ಲಿ ಶುರುವಾದ ಕೇಂದ್ರದ ಕಾರ್ಯಕ್ರಮದಲ್ಲಿ 4ರಿಂದ 8 ತಿಂಗಳ ಹೆಣ್ಣುಗರುಗಳಿಗೆ ಕಂದು ರೋಗದ ಲಸಿಕೆ ಇದೆ. ಜೀವಮಾನಕ್ಕೆ ಒಂದೇ ಸಲ. ಗಂಡುಗರುವಿಗೆ, ಗಬ್ಬದ ಹಸುವಿಗೆ ಹಾಕಿಸೋ ಹಾಗಿಲ್ಲ. ನಿಮ್ಮ ಕೊಟ್ಟಿಗೆಯಲ್ಲಿ ಆ ವಯಸ್ಸಿನ ಹೆಣ್ಣುಗರು ಇದ್ದರೆ ಪಶು ಆಸ್ಪತ್ರೆಯಲ್ಲಿ ಈ ವಾರವೇ ವಿಚಾರಿಸಿ. ಎಂಟು ತಿಂಗಳು ದಾಟಿದರೆ ಹಾಕಲ್ಲ.