ಹೆಣ್ಣು ನಾಯಿಗೆ ಆಪರೇಷನ್ ಯಾವಾಗ? ಮೊದಲ ಬೆದೆಗೆ ಮುಂಚೆಯೇ ತಿಂಗಳು ಲೆಕ್ಕ ಹಾಕಿ

ಅಜ್ಜಾವರ: ನಾಯಿ ಮರಿ ಹಾಕಿದ ಮನೆಗೆ ಗಂಡು ಮರಿ ಕೇಳಿಕೊಂಡು ಬರುವವರು ಇರ್ತಾರೆ. ಉಳಿಯುವುದು ಹೆಣ್ಣು ಮರಿಗಳು. ಒಂದು ರಾತ್ರಿ ಅವು ಗೋಣಿಯಲ್ಲೋ ರಟ್ಟಿನ ಪೆಟ್ಟಿಗೆಯಲ್ಲೋ ಪೇಟೆ ಬದಿಗೆ, ಇಲ್ಲವೇ ರಸ್ತೆ ಪಕ್ಕದ ಗುಡ್ಡೆಗೆ ಹೋಗುತ್ತವೆ. ಬದುಕಿದವು ಮುಂದಿನ ವರ್ಷ ಯಾವುದಾದರೂ ಅಂಗಡಿ ಜಗಲಿಯಲ್ಲಿ ಮರಿ ಹಾಕ್ತವೆ. ಬೀದಿನಾಯಿ ಕಾಟ ಅಂತ ಪಂಚಾಯತ್‌ಗೆ ದೂರು ಹೋಗುವುದು ಆಮೇಲೆ.

ಹೀಗೆ ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಈಗಿನ ಕಾಲದಲ್ಲಿ ಒಂದು ಚಾ, ಒಂದು ಪ್ಲೇಟ್ ಬನ್ಸ್‌ನ ಲೆಕ್ಕ! 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮದ ಪ್ರಕಾರ ಬೀದಿನಾಯಿಯ ಜವಾಬ್ದಾರಿ ಸ್ಥಳೀಯ ಸಂಸ್ಥೆಯದ್ದು, ಸಾಕಿದ ನಾಯಿಯ ಲಸಿಕೆ, ಸಂತಾನಹರಣ ಮನೆಯವರದ್ದೇ.

ಹಾಗಾದರೆ ಯಾವಾಗ ಮಾಡಿಸುವುದು? ನಮ್ಮ ಊರ ನಾಯಿ, ಪೊಮೆರೇನಿಯನ್‌ನಂಥ ಸಣ್ಣ ಜಾತಿಯವು ಸಾಮಾನ್ಯವಾಗಿ 6ರಿಂದ 12 ತಿಂಗಳೊಳಗೆ ಮೊದಲ ಸಲ ಬೆದೆಗೆ ಬರುತ್ತವೆ. ಇವುಗಳಿಗೆ 6 ತಿಂಗಳ ಹೊತ್ತಿಗೆ, ಬೆದೆಗೆ ಮುಂಚೆ ಆಪರೇಷನ್ ಮಾಡಿಸುವುದು ಒಳ್ಳೆಯದು. ಕೆಚ್ಚಲಿನ ಗಡ್ಡೆಯ ಅಪಾಯವೂ ಕಡಿಮೆ ಆಗ್ತದೆ ಎಂಬುದು ಪಶುವೈದ್ಯರಲ್ಲಿ ಬಹುಕಾಲದಿಂದ ಇರುವ ಅಭಿಪ್ರಾಯ. ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್, ರಾಟ್‌ವೀಲರ್‌ನಂಥ ದೊಡ್ಡ ಜಾತಿಗೆ ಅವಸರ ಬೇಡ. ಅವುಗಳ ಎಲುಬು ಬಲಿಯಲು ಸಮಯ ಬೇಕು. ತೀರಾ ಬೇಗ ಮಾಡಿಸಿದರೆ ಮುಂದೆ ಕೀಲು ತೊಂದರೆ, ಮೂತ್ರ ಸೋರುವುದು ಬರಬಹುದು. ಒಂದು ವರ್ಷ ದಾಟಲಿ. ಆದರೆ ಅಲ್ಲಿವರೆಗೆ ಬೆದೆಯ ಮೂರು ವಾರ ನಾಯಿಯನ್ನು ಕೂಡಿ ಹಾಕಿ ಕಾಯುವ ತಾಳ್ಮೆ ಮನೆಯಲ್ಲಿ ಬೇಕು. ತೋಟಕ್ಕೆ ಬೇಲಿ ಇಲ್ಲದ ಮನೆಯಲ್ಲಿ ಅದು ಸುಲಭ ಅಲ್ಲ.

"ಒಂದು ಸಲ ಮರಿ ಹಾಕಲಿ, ಮತ್ತೆ ಮಾಡಿಸುವಾ" ಎನ್ನುವವರೇ ಜಾಸ್ತಿ. ಇದಕ್ಕೆ ವೈದ್ಯಕೀಯ ಆಧಾರ ಇಲ್ಲ. ಗಬ್ಬ ನಿಂತರೆ ಸುಮಾರು 63 ದಿನ, ಮರಿ ಹಾಲು ಬಿಡಲು ಮತ್ತೆ ಎರಡು ತಿಂಗಳು, ಅಷ್ಟರಲ್ಲಿ ಮುಂದಿನ ಬೆದೆ ದೂರ ಇರುವುದಿಲ್ಲ.

ಬೆದೆಯಲ್ಲಿರುವಾಗ ಮಾಡಿಸಲು ಓಡಬಾರದು. ಆಗ ಗರ್ಭಕೋಶಕ್ಕೆ ರಕ್ತ ಸಂಚಾರ ಜಾಸ್ತಿ, ರಕ್ತಸ್ರಾವದ ಅಪಾಯ ಉಂಟು. ಎರಡು ಮೂರು ತಿಂಗಳು ಬಿಟ್ಟು ಮಾಡಿಸುವುದೇ ಕ್ರಮ. ಮರಿ ಹಾಕಿದ ನಾಯಿಗಾದರೆ ಮರಿಗಳು ಹಾಲು ಬಿಟ್ಟು, ಕೆಚ್ಚಲು ಇಳಿದ ಮೇಲೆ. ವಯಸ್ಸಾದ ನಾಯಿ ಬೆದೆ ಮುಗಿದು ಒಂದೆರಡು ತಿಂಗಳಲ್ಲಿ ಊಟ ಬಿಟ್ಟು ವಿಪರೀತ ನೀರು ಕುಡಿಯುತ್ತಿದ್ದರೆ, ಕೀವು ಸೋರುತ್ತಿದ್ದರೆ ತಿಂಗಳ ಲೆಕ್ಕ ಬಿಡಿ, ಅದೇ ದಿನ ವೈದ್ಯರ ಹತ್ತಿರ ಹೋಗಿ. ಅದು ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆ ಇರಬಹುದು, ತಡ ಮಾಡಿದರೆ ಜೀವ ಹೋಗ್ತದೆ. ಬೆದೆ ಮುಂದೂಡುವ ಇಂಜೆಕ್ಷನ್, ಮಾತ್ರೆಯಿಂದ ಈ ಕಾಯಿಲೆಯ ಅಪಾಯ ಹೆಚ್ಚುತ್ತದೆ. ಖರ್ಚು ಕಡಿಮೆ ಅಂತ ಅದನ್ನೇ ಮುಂದುವರಿಸುವುದು ಸರಿಯಲ್ಲ.

ನಮ್ಮ ಕಡೆ ಮುಖ್ಯವಾಗಿ ನೋಡಬೇಕಾದದ್ದು ಉಣ್ಣಿ. ತೋಟ, ಹಟ್ಟಿ ಸುತ್ತುವ ನಾಯಿಗೆ ಉಣ್ಣಿ ಜ್ವರ ಹೊರಗೆ ಕಾಣದಂತೆ ಇರಬಹುದು. ಈ ಜ್ವರದಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ, ರಕ್ತ ಹೆಪ್ಪುಗಟ್ಟುವುದು ನಿಧಾನ ಆಗ್ತದೆ. ಆಪರೇಷನ್‌ಗೆ ಮುಂಚೆ ರಕ್ತ ಪರೀಕ್ಷೆ ಮಾಡಿಸಿ ಅಂತ ಮನೆಯವರೇ ಕೇಳಬೇಕು. ಒಸಡು ಬಿಳಿಚಿದ್ದರೆ, ಮೂಗಿನಲ್ಲಿ ರಕ್ತ ಬಂದಿದ್ದರೆ ವೈದ್ಯರಿಗೆ ಮೊದಲೇ ಹೇಳಿ. ರೇಬಿಸ್ ಲಸಿಕೆ ಮೂರು ತಿಂಗಳಿಗೇ ಆಗಿರಬೇಕು, ಆಪರೇಷನ್‌ಗೆ ಕಾಯುವುದಲ್ಲ.

ಮಳೆಗಾಲವಾದರೆ ಇನ್ನೊಂದು ಕಷ್ಟ. ಹೊಲಿಗೆ 10ರಿಂದ 14 ದಿನ ಒದ್ದೆ ಆಗಬಾರದು, ನೆಕ್ಕಬಾರದು. ಜೂನ್, ಜುಲೈಯಲ್ಲಿ ಅಂಗಳದಲ್ಲಿ ಕಟ್ಟುವ ನಾಯಿಗೆ ಒಣ ಜಾಗ ಎಲ್ಲಿ? ಒಳಗೆ ಮಲಗಿಸಲು ಆಗದಿದ್ದರೆ ಮಳೆ ಬಿಟ್ಟ ಮೇಲೆ ಮಾಡಿಸುವುದು ವಾಸಿ, ಅಷ್ಟರಲ್ಲಿ ಬೆದೆ ಬರುವಂತಿದ್ದರೆ ಮಳೆಗೆ ಮುಂಚೆಯೇ. ಮಾರ್ಚ್‌ನಲ್ಲಿ ಹುಟ್ಟಿದ ಮರಿಗೆ 6 ತಿಂಗಳು ಆಗುವುದು ಸೆಪ್ಟೆಂಬರ್‌ಗೆ, ಆಗ ಮಳೆಯೂ ಇಳಿದಿರ್ತದೆ.

ಆಪರೇಷನ್ ಆದರೆ ನಾಯಿ ಕಾವಲು ಬಿಡ್ತದೆ ಎಂಬುದು ಸುಳ್ಳು, ಬೊಗಳುವುದಕ್ಕೂ ಗರ್ಭಕೋಶಕ್ಕೂ ಸಂಬಂಧ ಇಲ್ಲ. ದಪ್ಪ ಆಗುವುದು ಮಾತ್ರ ಹೌದು, ಅನ್ನ ಸ್ವಲ್ಪ ಕಡಿಮೆ ಹಾಕಿದರೆ ಆಯ್ತು. ಎಲ್ಲ ಪಶು ಚಿಕಿತ್ಸಾಲಯಗಳಲ್ಲಿ ಈ ಆಪರೇಷನ್ ಮಾಡುವುದಿಲ್ಲ. ಅಜ್ಜಾವರ, ಮಂಡೆಕೋಲು ಕಡೆಯವರು ನಾಯಿಯನ್ನು ರಿಕ್ಷಾ ಹತ್ತಿಸುವ ಮುಂಚೆ ಸುಳ್ಯದ ಪಶು ಆಸ್ಪತ್ರೆಯಲ್ಲಿ ಅಥವಾ ಖಾಸಗಿ ವೈದ್ಯರಲ್ಲಿ ದಿನ, ಖರ್ಚು ಎರಡನ್ನೂ ಕೇಳಿಕೊಳ್ಳಿ. ಹಿಂದಿನ ರಾತ್ರಿಯಿಂದ ಊಟ ಎಷ್ಟು ಹೊತ್ತಿಗೆ ನಿಲ್ಲಿಸಬೇಕು ಎಂಬುದನ್ನೂ ಅವರೇ ಹೇಳ್ತಾರೆ.